ದಶಕಗಳ ಹಿಂದೆ ನೋಡಿದ ಶೋ: ಮಸುಕು ನೆನಪಿಗೆ ತಾರೀಖು ಹಚ್ಚುವುದು ಹೇಗೆ

ಮೂವತ್ತು ನಲವತ್ತು ವರ್ಷದ ಹಿಂದೆ ನೋಡಿದ ಮೆಚ್ಚಿನ ಬ್ಯಾಂಡಿನ ಶೋ ಇದ್ದಕ್ಕಿದ್ದಂತೆ ನೆನಪಾದರೆ ಎಲ್ಲರೂ ಮೊದಲು ಮಾಡುವ ಕೆಲಸ ಫೋನು ತೆಗೆದು ಹುಡುಕುವುದು. ತಪ್ಪಾಗುವುದೇ ಅಲ್ಲಿ. ಆ ರಾತ್ರಿಯ ಹಾಡುಗಳ ಪಟ್ಟಿ ಒಮ್ಮೆ ಕಣ್ಣಿಗೆ ಬಿತ್ತೆಂದರೆ ಅದರಲ್ಲಿರುವ ಹದಿನೆಂಟೂ ಹಾಡು ‘ಹೌದೌದು, ಇದನ್ನೂ ಹಾಡಿದ್ದರು’ ಎಂದು ನೆನಪಾಗಿಬಿಡುತ್ತವೆ. ಯಾವುದು ಅಂದು ಕೇಳಿದ್ದು, ಯಾವುದು ಈಗತಾನೇ ಓದಿದ್ದು ಎಂದು ಆಮೇಲೆ ನೀವೇ ತಲೆ ಕೆಡಿಸಿಕೊಂಡರೂ ಬೇರೆ ಮಾಡಲಾಗದು. ಆದ್ದರಿಂದ ಮೊದಲು ಬರೆಯಿರಿ, ಆಮೇಲೆ ಜೊತೆಗಿದ್ದವರನ್ನು ಕೇಳಿ, ಅದಾದ ಮೇಲೆ ಮನೆಯಲ್ಲಿರುವ ವಸ್ತುಗಳನ್ನು ತೆಗೆಯಿರಿ, ಹೊರಗಿನ ದಾಖಲೆಗೆ ಕೈ ಹಾಕುವುದು ಕಟ್ಟಕಡೆಗೆ. ಈ ಕ್ರಮ ಹಿಂದುಮುಂದಾದರೆ ಸರಿಪಡಿಸುವ ದಾರಿಯಿಲ್ಲ.

ತಮ್ಮ ನೆನಪು ಗಟ್ಟಿ ಎಂದುಕೊಂಡವರು ಒಂದು ಸಂಗತಿ ತಿಳಿದಿರಲಿ. 1986ರ ಜನವರಿ 28ರಂದು ಚಾಲೆಂಜರ್ ಬಾಹ್ಯಾಕಾಶ ನೌಕೆ ಸ್ಫೋಟಗೊಂಡಿತು. ಮರುದಿನವೇ ಮನಶ್ಶಾಸ್ತ್ರಜ್ಞರಾದ ಉಲ್ರಿಕ್ ನೈಸರ್ ಮತ್ತು ನಿಕೋಲ್ ಹಾರ್ಷ್ ವಿದ್ಯಾರ್ಥಿಗಳಿಂದ, ಆ ಸುದ್ದಿ ಎಲ್ಲಿ, ಯಾರಿಂದ, ಹೇಗೆ ಗೊತ್ತಾಯಿತು ಎಂದು ಬರೆಸಿಟ್ಟುಕೊಂಡರು. ಎರಡೂವರೆ ವರ್ಷ ಕಳೆದ ಮೇಲೆ ಅದನ್ನೇ ಮತ್ತೆ ಕೇಳಿದಾಗ ಅನೇಕರು ಬೇರೆಯದೇ ಕಥೆ ಹೇಳಿದರು, ಅದೂ ಪೂರ್ತಿ ಖಾತ್ರಿಯಿಂದ. ಅವರದೇ ಕೈಬರಹದ ಹಳೆಯ ಹಾಳೆ ಮುಂದಿಟ್ಟರೂ ಹಳೆಯ ನೆನಪು ಮರಳಲಿಲ್ಲ. ಖಾತ್ರಿ ಬೇರೆ, ನಿಜ ಬೇರೆ. ಮುಂದಿನದೆಲ್ಲ ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಮಾಡಬೇಕಾದ ಕೆಲಸ.

ಮೊದಲ ಹಾಳೆ

ನಲವತ್ತು ನಿಮಿಷ ಬಿಡುವು ಮಾಡಿಕೊಂಡು, ಫೋನನ್ನು ಬೇರೆ ಕೋಣೆಯಲ್ಲಿಟ್ಟು ಕೂತುಕೊಳ್ಳಿ. ಪೆನ್ಸಿಲ್ ಬೇಡ, ಪೆನ್ನೇ ಇರಲಿ. ಅಳಿಸಲು ಬರುವಂತಿದ್ದರೆ ಮುಂದೆ ಅಳಿಸಿಯೇ ಅಳಿಸುತ್ತೀರಿ. ಹಾಳೆಯ ತಲೆಯ ಮೇಲೆ ಇವತ್ತಿನ ತಾರೀಖು ಹಾಕಿ.

ಹಾಡುಗಳಿಂದ ಶುರು ಮಾಡಬೇಡಿ. ಅದೇ ಅತಿ ಹೆಚ್ಚು ಕಲಬೆರಕೆಯಾಗಿರುವ ಭಾಗ. ಆ ಹಾಡುಗಳನ್ನು ನೀವು ಅಲ್ಲಿಂದೀಚೆಗೆ ಸಾವಿರ ಸಲ ಕೇಳಿದ್ದೀರಿ. ಅಂಚಿನಿಂದ ಬನ್ನಿ. ಟಿಕೆಟ್ ಯಾರ ಕೈಗೆ ಹೇಗೆ ಬಂತು? ಅಲ್ಲಿಗೆ ಹೋದದ್ದು ಯಾವುದರಲ್ಲಿ? ಕಾಲಲ್ಲಿ ಏನಿತ್ತು, ಮೈಮೇಲೆ ಏನಿತ್ತು, ಸೆಕೆಯೋ ಚಳಿಯೋ, ಬಾಗಿಲ ಹತ್ತಿರ ಎಷ್ಟು ಹೊತ್ತು ಕಾದಿರಿ, ಒಳಗೆ ಹೋಗುವಾಗ ಬೆಳಕಿತ್ತೋ ಕತ್ತಲಾಗಿತ್ತೋ? ನಿಂತದ್ದು ವೇದಿಕೆಯ ಎಡಕ್ಕೋ ಬಲಕ್ಕೋ, ನೇರ ಎದುರಿಗೆ ಬ್ಯಾಂಡಿನ ಯಾರು ಕಾಣುತ್ತಿದ್ದರು? ಮುಗಿದ ಮೇಲೆ ಕಿವಿ ಗುಂಯ್‌ಗುಡುತ್ತಿತ್ತೇ, ಮನೆ ಸೇರಿದ್ದು ಹೇಗೆ? ಇಂಥ ಪುಡಿ ವಿವರ ಆಮೇಲೆ ಯಾರೂ ನಿಮಗೆ ಹೇಳಿರುವುದಿಲ್ಲ, ಯಾವ ಪತ್ರಿಕೆಯಲ್ಲೂ ಬಂದಿರುವುದಿಲ್ಲ. ಅದಕ್ಕೇ ಅವು ಹೆಚ್ಚು ಶುದ್ಧ.

ಇಷ್ಟಾದ ಮೇಲೆ ಇಡೀ ಸಂಜೆಯನ್ನು ಹಿಂದಿನಿಂದ ಮುಂದಕ್ಕೆ ಇನ್ನೊಮ್ಮೆ ಬರೆಯಿರಿ: ಮನೆಯ ಬಾಗಿಲು, ದಾರಿ, ಕೊನೆಯ ಹಾಡು, ಅದರ ಹಿಂದಿನದು. ಸಾಕ್ಷಿಗಳನ್ನು ವಿಚಾರಿಸುವ ಪೊಲೀಸರಿಗೆಂದು ರೊನಾಲ್ಡ್ ಫಿಷರ್ ಮತ್ತು ಎಡ್ವರ್ಡ್ ಗೈಸಲ್ಮನ್ ರೂಪಿಸಿದ ವಿಧಾನದಲ್ಲಿ ಇದೂ ಒಂದು ಹೆಜ್ಜೆ. ಮುಂದಿನಿಂದ ಹೇಳುವಾಗ ‘ಸಾಮಾನ್ಯವಾಗಿ ಹೀಗೇ ಆಗುತ್ತದೆ’ ಎಂಬ ಸಿದ್ಧ ಕಥೆ ಖಾಲಿ ಜಾಗಗಳನ್ನು ತುಂಬಿಬಿಡುತ್ತದೆ. ಹಿಂದಿನಿಂದ ಬಂದರೆ ಆ ಕಥೆ ಮುರಿಯುತ್ತದೆ, ಅದು ಮುಚ್ಚಿಟ್ಟಿದ್ದು ಹೊರಬರುತ್ತದೆ.

ಪ್ರತಿ ಸಾಲಿನ ಪಕ್ಕ ಒಂದಕ್ಷರ ಹಾಕಿ. ಕಣ್ಣಾರೆ ಕಂಡದ್ದಕ್ಕೆ ‘ಕ’, ಆಮೇಲೆ ಯಾರೋ ಹೇಳಿದ್ದಕ್ಕೆ ಅಥವಾ ಎಲ್ಲೋ ಓದಿದ್ದಕ್ಕೆ ‘ಹೇ’, ಹಾಗಿದ್ದಿರಬೇಕು ಅನ್ನಿಸಿದ್ದಕ್ಕೆ ‘ಊ’. ‘ಊ’ ಕಡಿಮೆ ಬಂದರೆ ಹಿಗ್ಗಬೇಡಿ, ನೀವು ನಿಮ್ಮ ಜೊತೆ ಅಷ್ಟು ಪ್ರಾಮಾಣಿಕರಾಗಿಲ್ಲ ಎಂದೇ ಅರ್ಥ. ಒಂದು ಸುಲಭ ಪರೀಕ್ಷೆಯಿದೆ. ನೆನಪಿನ ಚಿತ್ರವನ್ನು ನೀವು ಯಾವ ಜಾಗದಿಂದ ನೋಡುತ್ತಿದ್ದೀರಿ? ನಲವತ್ತನೇ ಸಾಲಿನಲ್ಲಿ ಕೂತಿದ್ದವರಿಗೆ ಗಿಟಾರಿನ ತಂತಿ ಮೇಲೆ ಓಡುವ ಬೆರಳು ಕಾಣುತ್ತಿದ್ದರೆ ಅದು ಟಿವಿಯಲ್ಲೋ ವಿಡಿಯೊದಲ್ಲೋ ನೋಡಿದ್ದು. ಆಗ ಆ ಸಭಾಂಗಣದಲ್ಲಿ ದೊಡ್ಡ ಪರದೆ ಇತ್ತೇ ಎಂಬುದನ್ನೂ ಕೇಳಿಕೊಳ್ಳಿ. ಜನಜಂಗುಳಿಯ ನಡುವೆ ಕುಣಿಯುತ್ತಿರುವ ನಿಮ್ಮನ್ನೇ ನೀವು ಹೊರಗಿನಿಂದ ನೋಡುತ್ತಿದ್ದರೆ ಅದು ಸುಳ್ಳೆಂದಲ್ಲ, ಹಳೆಯ ನೆನಪುಗಳು ಹಾಗೆ ಹೊರನೋಟಕ್ಕೆ ತಿರುಗುವುದು ಮಾಮೂಲು. ಆದರೆ ಅದು ಮತ್ತೆ ಕಟ್ಟಿದ ಚಿತ್ರ ಎಂಬ ಗುರುತು ಇರಲಿ.

ಹಾಳೆ ಮುಚ್ಚಿಟ್ಟು ಎರಡು ಮೂರು ದಿನ ಬಿಟ್ಟು ಹೊಸ ಹಾಳೆಯಲ್ಲಿ ಮತ್ತೆ ಬರೆಯಿರಿ. ಹಳೆಯದನ್ನು ನೋಡಬೇಡಿ. ಎರಡನೇ ಸಲ ಒಂದಿಷ್ಟು ಹೊಸದು ಬಂದೇ ಬರುತ್ತದೆ. ಮೂರನೇ ಸಲಕ್ಕೆ ನಿಲ್ಲಿಸಿ, ಅಲ್ಲಿಂದ ಮುಂದೆ ಬರುವುದು ಹೆಚ್ಚಾಗಿ ಕಲ್ಪನೆ. ನೆನಪನ್ನು ಕೆರಳಿಸಲು ಸಂಗೀತ ಬೇಕೆನಿಸಿದರೆ ಬ್ಯಾಂಡು ಊರೂರಿಗೆ ಶೋ ಕೊಡುತ್ತ ಹೋದ ಆ ಪ್ರವಾಸದ ಲೈವ್ ಆಲ್ಬಮ್ ಮಾತ್ರ ಹಾಕಬೇಡಿ. ಆ ವರ್ಷ ನೀವು ಕೇಳುತ್ತಿದ್ದ ಬೇರೆಯವರ ಸ್ಟುಡಿಯೊ ಆಲ್ಬಮ್ ಹಾಕಿ. ಕಾಲ ಮರಳುತ್ತದೆ, ಕಲಬೆರಕೆ ಆಗುವುದಿಲ್ಲ. ಸಂಮೋಹನದ ಸಹವಾಸವೂ ಬೇಡ. ಅದರಿಂದ ನಂಬಿಕೆ ಬೆಳೆಯುತ್ತದೆ, ನಿಖರತೆ ಬೆಳೆಯುವುದಿಲ್ಲ. ಅಂದು ಕಂಠಪೂರ್ತಿ ಕುಡಿದಿದ್ದರೆ ಆ ಹೊತ್ತಿನದು ಮಿದುಳಿನಲ್ಲಿ ದಾಖಲಾಗಿಯೇ ಇರುವುದಿಲ್ಲ, ಎಷ್ಟು ಅಗೆದರೂ ಸಿಗದು.

ಜೊತೆಗಿದ್ದವರು

ಗೆಳೆಯರ ಜೊತೆ ಕೂತು ನೆನಪು ಹಂಚಿಕೊಳ್ಳುವುದು ಖುಷಿಯ ಕೆಲಸ, ದಾಖಲೆಗೆ ಮಾತ್ರ ವಿಷ. ಮಾತಿನಲ್ಲಿ ಜೋರಿರುವವರ ನೆನಪೇ ಅರ್ಧ ಗಂಟೆಯಲ್ಲಿ ಎಲ್ಲರ ನೆನಪಾಗುತ್ತದೆ. ಅವರಿಗೂ ಒಂದು ಖಾಲಿ ಹಾಳೆ ಕೊಟ್ಟು ಬೇರೆಯಾಗಿ ಬರೆಸಿ, ಎರಡೂ ಹಾಳೆ ಮುಗಿದ ಮೇಲಷ್ಟೇ ಮಾತಿಗೆ ಕೂರಿ. ದೂರದಲ್ಲಿದ್ದರೆ ಫೋನಿನಲ್ಲಿ ಕೇಳಬಹುದು, ಆದರೆ ಪ್ರಶ್ನೆಯೊಳಗೆ ಉತ್ತರ ಇಡಬೇಡಿ. ‘ಡ್ರಮ್ಮರ್ ಕೋಲು ಎಸೆದದ್ದು ನೆನಪಿದೆಯಾ?’ ಎಂದು ಕೇಳಿದರೆ ನೆನಪಾಗಿಯೇ ಆಗುತ್ತದೆ. ‘ಕೊನೆಗೆ ಏನಾಯ್ತು?’ ಎಂದಷ್ಟೇ ಕೇಳಿ, ಸುಮ್ಮನಿರಿ.

ಕಾಲದ ಕಿಟಕಿ

ಈಗ ತಾರೀಖು. ಒಂದೇ ಏಟಿಗೆ ದಿನ ಹಿಡಿಯಲು ಹೋಗದೆ ಮೊದಲು ‘ಇದಕ್ಕಿಂತ ಮುಂಚೆ ಇರಲಾರದು, ಇದಾದ ಮೇಲೆ ಇರಲಾರದು’ ಎಂಬ ಎರಡು ಗೂಟ ಹೊಡೆಯಿರಿ. ಬ್ಯಾಂಡಿನಲ್ಲಿ ಯಾರಿದ್ದರು ಎಂಬುದು ಒಳ್ಳೆಯ ಗೂಟ: ಬಾಸ್ ಗಿಟಾರ್ ನುಡಿಸುತ್ತಿದ್ದವರು ಬದಲಾದ ವರ್ಷ ಗೊತ್ತಿದ್ದರೆ ಅರ್ಧ ಕೆಲಸ ಮುಗಿಯಿತು. ಆಲ್ಬಮ್ ಬಿಡುಗಡೆಯ ದಿನ ಅಷ್ಟು ಗಟ್ಟಿ ಗೂಟವಲ್ಲ, ಏಕೆಂದರೆ ಹೊಸ ಹಾಡನ್ನು ರೆಕಾರ್ಡ್ ಆಗುವ ಮೊದಲೇ ವೇದಿಕೆಯಲ್ಲಿ ಹಾಡಿ ನೋಡುವ ಬ್ಯಾಂಡುಗಳು ಬಹಳ. ನಿಮ್ಮ ಬದುಕಿನ ಗೂಟಗಳನ್ನೂ ಸೇರಿಸಿ: ಯಾವ ತರಗತಿ, ಯಾವ ಬಾಡಿಗೆ ಕೋಣೆ, ಯಾವ ಕೆಲಸ, ಜೊತೆಗೆ ಬಂದವರ ಪರಿಚಯ ಆದದ್ದು ಯಾವಾಗ. ಹಳೆಯ ಘಟನೆಗಳನ್ನು ನಾವು ಸಾಮಾನ್ಯವಾಗಿ ನಿಜಕ್ಕಿಂತ ಈಚಿನವು ಎಂದುಕೊಳ್ಳುತ್ತೇವೆ. ಆದ್ದರಿಂದ ಅಂದಾಜಿನ ವರ್ಷದಿಂದ ಹಿಂದಕ್ಕೆ ಮೂರು ವರ್ಷ, ಮುಂದಕ್ಕೆ ಒಂದು ವರ್ಷ ಜಾಗ ಬಿಟ್ಟುಕೊಂಡು ಹುಡುಕಿ.

ಟಿಕೆಟಿನ ತುಂಡು ಸಿಕ್ಕಿತು, ಅದರಲ್ಲಿ ‘ಶುಕ್ರವಾರ, ನವೆಂಬರ್ 14’ ಎಂದಿದೆ, ವರ್ಷವಿಲ್ಲ ಎನ್ನಿ. ಹಳೆಯ ಟಿಕೆಟುಗಳಲ್ಲಿ ಇದು ಎಷ್ಟೋ ಸಲ ಕಾಣುವುದೇ. ಕೈಚೆಲ್ಲಬೇಕಿಲ್ಲ. ಒಂದು ತಾರೀಖು ಅದೇ ವಾರಕ್ಕೆ ಮತ್ತೆ ಬರುವುದು 5, 6 ಅಥವಾ 11 ವರ್ಷಕ್ಕೊಮ್ಮೆ (ಫೆಬ್ರವರಿ 29 ಮಾತ್ರ ಈ ಲೆಕ್ಕಕ್ಕಿಲ್ಲ). ನವೆಂಬರ್ 14 ಶುಕ್ರವಾರ ಬಿದ್ದದ್ದು 1975ರಲ್ಲಿ, 1980ರಲ್ಲಿ, 1986ರಲ್ಲಿ, ಆಮೇಲೆ 1997ರಲ್ಲಿ. ನಿಮ್ಮ ಕಿಟಕಿ 1983ರಿಂದ 1988 ಆಗಿದ್ದರೆ ಉತ್ತರ ಒಂದೇ. ವಾರ ಮಾತ್ರ ನೆನಪಿದ್ದು (‘ಮರುದಿನ ಪರೀಕ್ಷೆ ಇತ್ತು, ಹಾಗಾಗಿ ಭಾನುವಾರ’) ಪ್ರವಾಸದ ತಾರೀಖುಗಳ ಪಟ್ಟಿ ಸಿಕ್ಕರೂ ಇದೇ ಲೆಕ್ಕ ನಡೆಯುತ್ತದೆ.

ಟಿಕೆಟ್ ಎಂದ ಮಾತ್ರಕ್ಕೆ ಪುರಾವೆಯಲ್ಲ. ಅದು ಸಾಬೀತು ಮಾಡುವುದು ಟಿಕೆಟ್ ಮಾರಿದ್ದನ್ನು. ಗಾಯಕರ ಗಂಟಲು ಕಟ್ಟಿ ಶೋ ಮುಂದೆ ಹೋಗಿದ್ದರೆ ಹಳೆಯ ತಾರೀಖಿನ ಟಿಕೆಟಿನಲ್ಲೇ ಹೊಸ ದಿನಕ್ಕೆ ಒಳಗೆ ಬಿಟ್ಟಿರುತ್ತಾರೆ. ತುದಿ ಹರಿಯದ ಇಡೀ ಟಿಕೆಟ್ ಸಿಕ್ಕರೆ ಇನ್ನೂ ಅನುಮಾನಿಸಿ. ಬಾಗಿಲಲ್ಲಿ ಹರಿಯಲಿಲ್ಲವೆಂದರೆ ಬಹುಶಃ ನೀವು ಹೋಗಲೇ ಇಲ್ಲ. ಬೆನ್ನ ಮೇಲೆ ಊರುಗಳ ಪಟ್ಟಿ ಇರುವ ಟೀ ಶರ್ಟು ಅಚ್ಚಾಗುವುದು ಪ್ರವಾಸಕ್ಕೆ ಮೊದಲು, ಹಾಗಾಗಿ ರದ್ದಾದ ಶೋಗಳೂ ಅದರ ಮೇಲೆ ಮೆರೆಯುತ್ತವೆ.

ವಸ್ತುಗಳಿಗೆ ಕೈ ಹಾಕುವಾಗ

ನುಣುಪಾದ, ಉಗುರಲ್ಲಿ ಗೀರಿದರೆ ಕಪ್ಪಾಗುವ ಟಿಕೆಟ್ ಥರ್ಮಲ್ ಕಾಗದದ್ದು, ಅಂದರೆ ಶಾಯಿಯಿಲ್ಲದೆ ಬಿಸಿಯಿಂದಲೇ ಅಕ್ಷರ ಮೂಡುವಂಥದ್ದು. (ಗೀರಿ ನೋಡುವುದಾದರೆ ಟಿಕೆಟಿನ ಮೂಲೆಯಲ್ಲೂ ಬೇಡ, ಅದೇ ಕಾಲದ ಬೇರೆ ರಸೀತಿಯ ಮೇಲೆ ಗೀರಿ.) ಅದನ್ನು ಲ್ಯಾಮಿನೇಟ್ ಮಾಡಿಸಿದರೆ ಬಿಸಿಗೆ ಇಡೀ ಟಿಕೆಟ್ ಕಪ್ಪಾಗಿ ಹೊರಬರುತ್ತದೆ. ಪಿವಿಸಿ ಪ್ಲಾಸ್ಟಿಕ್ಕಿನ ಆಲ್ಬಮ್ಮಿನಲ್ಲಿಟ್ಟರೆ ಪ್ಲಾಸ್ಟಿಕ್ಕನ್ನು ಮೆದುವಾಗಿಸಲು ಬೆರೆಸಿದ ರಾಸಾಯನಿಕ ಒಸರಿ ಅಕ್ಷರವನ್ನೇ ನುಂಗುತ್ತದೆ. ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್ ಹಾಳೆ ಸರಿ, ಕತ್ತಲೆಯಲ್ಲಿ, ತಂಪಿನಲ್ಲಿ. ಅಕ್ಷರ ಆಗಲೇ ಮಾಸಿದ್ದರೆ 600 ಡಿಪಿಐಯಲ್ಲಿ ಬಣ್ಣದಲ್ಲೇ ಸ್ಕ್ಯಾನ್ ಮಾಡಿ. ಕಪ್ಪು ಬಿಳುಪಿನಲ್ಲಿ ಮಾಡಬೇಡಿ. ಕೆಂಪು, ಹಸಿರು, ನೀಲಿ ಪದರಗಳನ್ನು ಒಂದೊಂದಾಗಿ ತೆರೆದು ಕಾಂಟ್ರಾಸ್ಟ್ ಏರಿಸಿದಾಗ, ಬರಿಗಣ್ಣಿಗೆ ಕಾಣದ ಸಾಲು ಅದರಲ್ಲೊಂದರಲ್ಲಿ, ಹೆಚ್ಚಾಗಿ ನೀಲಿಯಲ್ಲಿ, ಮೇಲೇಳುವುದುಂಟು. ಇಸ್ತ್ರಿಪೆಟ್ಟಿಗೆ, ಹೇರ್ ಡ್ರೈಯರ್ ಪ್ರಯೋಗ ಬೇಡ. ಒಮ್ಮೆ ಕಪ್ಪಾದದ್ದು ತಿರುಗಿ ಬಿಳಿಯಾಗದು.

ಫೋಟೊಗಳಲ್ಲಿ ಪ್ರಿಂಟಿಗಿಂತ ನೆಗೆಟಿವ್ ದೊಡ್ಡ ಸಾಕ್ಷಿ. ಪಟ್ಟಿಯ ಅಂಚಿನಲ್ಲಿ ಚಿತ್ರಗಳ ಸಂಖ್ಯೆ ಇರುತ್ತದೆ. ವೇದಿಕೆಯ ಚಿತ್ರ 17, 18, 19 ಆಗಿದ್ದರೆ 16 ಏನು, 20 ಏನು ನೋಡಿ. 16ರಲ್ಲಿ ಯಾರದೋ ಹುಟ್ಟುಹಬ್ಬ, 20ರಲ್ಲಿ ಯಾರದೋ ಮದುವೆ ಇದ್ದರೆ ಶೋ ಅವೆರಡರ ನಡುವೆ; ಆ ಎರಡು ತಾರೀಖು ಮನೆಮಂದಿಗೆ ಗೊತ್ತೇ ಇರುತ್ತದೆ. ಸ್ಲೈಡಿನ ರಟ್ಟಿನ ಚೌಕಟ್ಟಿನ ಮೇಲೆ ತಿಂಗಳು, ವರ್ಷ ಒತ್ತಿದ್ದರೆ ಅದು ತೊಳೆದ ದಿನ, ತೆಗೆದ ದಿನವಲ್ಲ. ಅರ್ಧ ಮುಗಿದ ರೋಲು ಕ್ಯಾಮೆರಾದಲ್ಲೇ ಆರು ತಿಂಗಳು ಕೂತಿರುವುದು ಆ ಕಾಲದಲ್ಲಿ ಹೊಸದೇನಲ್ಲ.

ಕ್ಯಾಸೆಟ್ ಇದ್ದರೆ

ಜೇಬಿನಲ್ಲಿ ಅಡಗಿಸಿ ಮಾಡಿದ ರೆಕಾರ್ಡಿಂಗ್ ಕೈಯಲ್ಲಿದ್ದರೆ ಅದಕ್ಕಿಂತ ದೊಡ್ಡ ನಿಧಿಯಿಲ್ಲ. ಅವಸರದಲ್ಲಿ ಪ್ಲೇ ಒತ್ತಿದರೆ ಹೋಯಿತು. ಮೊದಲು ಮೇಲಂಚಿನ ಎರಡೂ ಪುಟ್ಟ ಕಿವಿಗಳನ್ನು ಮುರಿಯಿರಿ, ತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಅಳಿಯದು. ಕೆಳಗಿನ ಕಿಂಡಿಯಲ್ಲಿ ಟೇಪಿನ ಹಿಂದೆ ತಾಮ್ರಬಣ್ಣದ ತಗಡಿಗೆ ಅಂಟಿದ ಪುಟ್ಟ ಫೆಲ್ಟ್ ತುಂಡು ಕಾಣಬೇಕು. ಗೋಂದು ಒಣಗಿ ಅದು ಬಿದ್ದಿದ್ದರೆ ಟೇಪು ಪ್ಲೇಯರಿನಲ್ಲಿ ಅದನ್ನು ಓದುವ ಭಾಗಕ್ಕೆ, ಅಂದರೆ ಹೆಡ್ಡಿಗೆ, ಒತ್ತುವುದಿಲ್ಲ. ದನಿ ಮಂಕಾಗಿ, ಅಲೆಅಲೆಯಾಗಿ ಬರುತ್ತದೆ, ಟೇಪೇ ಹಾಳಾಗಿದೆ ಎಂದು ಜನ ಎಸೆದುಬಿಡುತ್ತಾರೆ. ತಿರುಪು ಇರುವ ಖಾಲಿ ಕ್ಯಾಸೆಟ್ಟಿನ ಕವಚಕ್ಕೆ ಸುರುಳಿಗಳನ್ನು ಬದಲಾಯಿಸಿದರೆ ಸಾಕು. ಪ್ಲೇಯರಿನ ಹೆಡ್ಡನ್ನು 90 ಶೇಕಡಾಕ್ಕಿಂತ ಗಟ್ಟಿಯಾದ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಒಣಗಲು ಬಿಡಿ. ಟೇಪನ್ನು ಒಮ್ಮೆ ಕೊನೆತನಕ ಸುತ್ತಿ ವಾಪಸು ತನ್ನಿ, ವರ್ಷಗಟ್ಟಲೆ ಅಂಟಿ ಕೂತ ಸುತ್ತುಗಳು ಬಿಡಿಸಿಕೊಳ್ಳುತ್ತವೆ. ಸಿ-120 (120 ನಿಮಿಷದ ಕ್ಯಾಸೆಟ್) ಆದರೆ ವೇಗವಾಗಿ ಸುತ್ತಬೇಡಿ, ಅದರ ಟೇಪು ತೀರ ತೆಳು. ಕಿರ್ರೆಂದು ಕೀರಲು ದನಿ ಬಂದರೆ ನಿಲ್ಲಿಸಿ, ಬಲ್ಲವರಿಗೆ ಕೊಡಿ.

ದನಿ ಮಂಕಾಗಿದ್ದರೆ ಹೆಡ್ಡಿನ ಪಕ್ಕದ ತಿರುಪನ್ನು ಕಾಲು ಸುತ್ತಿಗಿಂತಲೂ ಕಡಿಮೆ ಅತ್ತಿತ್ತ ತಿರುಗಿಸಿ, ಎಡ ಬಲ ಎರಡೂ ದನಿ ಒಂದಾಗಿಸಿ (ಮೋನೊದಲ್ಲಿ) ಕೇಳುತ್ತ, ಡ್ರಮ್ಮಿನ ಜೊತೆಗಿನ ತಾಳದ ತಟ್ಟೆ ಸಿಂಬಲ್ಲಿನ ಸದ್ದು ಅತಿ ಚುರುಕಾಗಿ ಕೇಳುವಲ್ಲಿ ನಿಲ್ಲಿಸಿ. ಅಂದು ರೆಕಾರ್ಡ್ ಮಾಡಿದ ಯಂತ್ರದ ಹೆಡ್ ಎಷ್ಟು ವಾಲಿತ್ತೋ ನಿಮ್ಮದೂ ಅಷ್ಟೇ ವಾಲಬೇಕು. ಕಂಪ್ಯೂಟರಿಗೆ ಇಳಿಸುವಾಗ 24 ಬಿಟ್, 96 ಕಿಲೋಹರ್ಟ್ಜ್, ವೇವ್ ಫೈಲು. 90 ನಿಮಿಷದ ಕ್ಯಾಸೆಟ್ಟಿಗೆ ಸುಮಾರು 3.1 ಗಿಗಾಬೈಟ್ ಆಗುತ್ತದೆ. ಗೊರಗೊರ ತೆಗೆಯುವ ಸಾಫ್ಟ್‌ವೇರ್ ಆಟವೆಲ್ಲ ಪ್ರತಿಯ ಮೇಲೆ ಮಾತ್ರ.

ಎಲ್ಲರೂ ಎಡವುವುದು ವೇಗದಲ್ಲಿ. ಕ್ಯಾಸೆಟ್ಟಿನ ವೇಗ ಸೆಕೆಂಡಿಗೆ 4.76 ಸೆಂಟಿಮೀಟರ್, ಆದರೆ ಅಂದು ರೆಕಾರ್ಡರಿನ ಬ್ಯಾಟರಿ ಸೊರಗಿದ್ದರೆ ಟೇಪು ನಿಧಾನ ಓಡಿರುತ್ತದೆ, ಇಂದು ಸರಿಯಾದ ವೇಗದಲ್ಲಿ ಹಾಕಿದರೆ ಬ್ಯಾಂಡು ಓಡೋಡಿ ಹಾಡುತ್ತದೆ. ಆಲ್ಬಮ್ಮಿನ ಶ್ರುತಿಗೆ ಹೋಲಿಸಿ ಸರಿಪಡಿಸುವುದು ಅಪಾಯ. ಗಂಟಲಿಗೆ ಸಲೀಸಾಗಲೆಂದು ಲೈವ್‌ನಲ್ಲಿ ಅರ್ಧ ಸ್ವರ ಇಳಿಸಿ ನುಡಿಸುವ ಬ್ಯಾಂಡುಗಳಿವೆ. ಅದಕ್ಕಿಂತ ನಂಬಿಕಸ್ಥ ಅಳತೆಗೋಲು ಹಾಡುಗಳ ನಡುವಿನ ನಿಶ್ಶಬ್ದದಲ್ಲಿ ಕೇಳುವ ಆಂಪ್ಲಿಫೈಯರುಗಳ ‘ಹಮ್’, ಅಂದರೆ ವಿದ್ಯುತ್ತಿನಿಂದ ಬರುವ ಗುಂಯ್‌ ಸದ್ದು. ಆ ದೇಶದ ವಿದ್ಯುತ್ತು 50 ಹರ್ಟ್ಜ್ ಆದರೆ ಹಮ್ 50ರಲ್ಲೂ 100ರಲ್ಲೂ ಇರಬೇಕು, 60 ಆದರೆ 60 ಮತ್ತು 120. ಸಾಫ್ಟ್‌ವೇರಿನಲ್ಲಿ ಸ್ಪೆಕ್ಟ್ರಮ್ (ಯಾವ ಹರ್ಟ್ಜ್‌ನಲ್ಲಿ ಎಷ್ಟು ಸದ್ದಿದೆ ಎಂದು ತೋರಿಸುವ ಚಿತ್ರ) ತೆರೆದಾಗ 100ರ ಬದಲು 104ರಲ್ಲಿ ಗೆರೆ ಕಂಡರೆ ಟೇಪು ನಾಲ್ಕು ಶೇಕಡಾ ವೇಗವಾಗಿದೆ, ಗೆರೆ 100ಕ್ಕೆ ಬರುವಷ್ಟು ಇಳಿಸಿ. ಬ್ಯಾಟರಿ ಇನ್ನಷ್ಟು ಸೊರಗುತ್ತ ಹೋಗಿರುವುದರಿಂದ ಹತ್ತು ನಿಮಿಷಕ್ಕೊಮ್ಮೆ ಮತ್ತೆ ಅಳೆಯಿರಿ.

ಹಾಡಿಗಿಂತ ಹಾಡುಗಳ ನಡುವಿನ ಮಾತು ಗಮನವಿಟ್ಟು ಕೇಳಿ. ‘ಹೊಸ ರೆಕಾರ್ಡು ಮುಂದಿನ ವಾರ ಬರುತ್ತೆ’, ಊರಿನ ಹೆಸರು, ಅಂದಿನ ಕ್ರೀಡಾ ಫಲಿತಾಂಶ, ಎಲ್ಲವೂ ತಾರೀಖೇ. ಪಟ್ಟಿಯ ಕೊನೆಯ ಹಾಡು ಟೇಪಿನಲ್ಲಿ ಇಲ್ಲವೆಂದರೆ ಹಾಡಿಲ್ಲ ಎಂದಲ್ಲ. ಬೀಟಲ್ಸ್ 1966ರ ಆಗಸ್ಟ್ 29ರಂದು ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಂಡಲ್‌ಸ್ಟಿಕ್ ಪಾರ್ಕಿನಲ್ಲಿ ಕೊಟ್ಟ ಕೊನೆಯ ಟಿಕೆಟ್ ಶೋವನ್ನು ಅವರ ಪತ್ರಿಕಾ ಅಧಿಕಾರಿ ಟೋನಿ ಬ್ಯಾರೋ ಕ್ಯಾಸೆಟ್ಟಿನಲ್ಲಿ ಹಿಡಿದಾಗಲೂ ಕಡೆಯ ಹಾಡಿನ ನಡುವೆಯೇ ಒಂದು ಬದಿ ಮುಗಿದುಹೋಯಿತು. ಕ್ಯಾಸೆಟ್ಟಿನ ಚೀಟಿಯನ್ನಂತೂ ನಂಬಲೇಬೇಡಿ. ಬಾಬ್ ಡಿಲನ್ 1966ರ ಮೇ 17ರಂದು ಮ್ಯಾಂಚೆಸ್ಟರಿನ ಫ್ರೀ ಟ್ರೇಡ್ ಹಾಲಿನಲ್ಲಿ ಕೊಟ್ಟ ಶೋ ದಶಕಗಳ ಕಾಲ ಕಳ್ಳಪ್ರತಿಗಳಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್ ಎಂಬ ಹೆಸರಿನಲ್ಲೇ ಓಡಾಡಿತು.

ಹೊರಗಿನ ದಾಖಲೆ

ಈಗ ಹುಡುಕಬಹುದು. ಶೋಗಳ ಹಾಡುಪಟ್ಟಿ ಕೂಡಿಡುವ ಸೆಟ್‌ಲಿಸ್ಟ್ ಡಾಟ್ ಎಫ್‌ಎಂನಂಥ ತಾಣಗಳಲ್ಲಿ ಪಟ್ಟಿ ತುಂಬುವವರು ನಿಮ್ಮಂಥ ಅಭಿಮಾನಿಗಳೇ. ಒಂದು ರಾತ್ರಿಯ ಪಟ್ಟಿಯನ್ನು ಅದೇ ಪ್ರವಾಸದ ಬೇರೆ ರಾತ್ರಿಗೂ ಅಂಟಿಸಿರಬಹುದು. ಎರಡು ರಾತ್ರಿಯ ಪಟ್ಟಿ ಅಕ್ಷರಶಃ ಒಂದೇ ಆಗಿದ್ದರೆ ಮೂಲ ಏನು, ರೆಕಾರ್ಡಿಂಗೋ ವಿಮರ್ಶೆಯೋ ಎಂದು ನೋಡಿ. ವೇದಿಕೆಯ ನೆಲಕ್ಕೆ ಅಂಟಿಸಿದ್ದ ಹಾಡುಪಟ್ಟಿಯ ಚೀಟಿಯ ಫೋಟೊ ಕೂಡ ಅಂದಿನ ಯೋಜನೆ ಮಾತ್ರ. ಗ್ರಂಥಾಲಯದ ಹಳೆಯ ಪತ್ರಿಕೆಗಳಲ್ಲಿ ಜಾಹೀರಾತು ಹೇಳುವುದು ಆಗಬೇಕಾದದ್ದನ್ನು, ವಿಮರ್ಶೆ ಹೇಳುವುದು ಆದದ್ದನ್ನು. ಶೋ ನಡೆದ ದಿನದ ಪತ್ರಿಕೆಯಲ್ಲಿ ಅಲ್ಲ, ಮರುದಿನದಿಂದ ನಾಲ್ಕೈದು ದಿನಗಳ ಪತ್ರಿಕೆಯಲ್ಲಿ ಹುಡುಕಿ. ಮುದ್ರಣದ ಗಡುವಿಗೆ ಓಡಬೇಕಿದ್ದ ವಿಮರ್ಶಕರು ಎನ್‌ಕೋರ್‌ಗೆ (ಶೋ ಮುಗಿದ ಮೇಲೆ ಮರಳಿ ಬಂದು ಹಾಡುವ ಹಾಡುಗಳಿಗೆ) ನಿಂತಿರುವುದಿಲ್ಲ ಎಂಬುದೂ ಗಮನದಲ್ಲಿರಲಿ.

ಪೋಸ್ಟರಿನ ತಾರೀಖಿಗೂ ನಡೆದದ್ದಕ್ಕೂ ಎಷ್ಟು ಅಂತರ ಇರಬಹುದು ಎಂಬುದಕ್ಕೆ ವುಡ್‌ಸ್ಟಾಕ್ ಸಾಕು. 1969ರ ಆಗಸ್ಟ್ 15ರಿಂದ 17 ಎಂದು ಘೋಷಿಸಿದ್ದ ಉತ್ಸವದಲ್ಲಿ ಜಿಮಿ ಹೆಂಡ್ರಿಕ್ಸ್ ವೇದಿಕೆ ಏರಿದ್ದು 18ರ ಸೋಮವಾರ ಬೆಳಗ್ಗೆ. ಅಷ್ಟರಲ್ಲಿ ಬಹುಪಾಲು ಜನ ಮನೆಗೆ ಹೋಗಿಯಾಗಿತ್ತು. ಭಾನುವಾರ ರಾತ್ರಿಯೇ ಹೊರಟವರಿಗೆ ಆ ಗಿಟಾರು ನೆನಪಿದ್ದರೆ ಅದು ಆ ಉತ್ಸವದ ಮೇಲೆ ಬಂದ ಚಲನಚಿತ್ರದ್ದು.

ಎರಡು ಶೋ ಒಂದಾಗಿದ್ದರೆ

ಹಾಳೆಗೂ ದಾಖಲೆಗೂ ತಾಳೆಯಾಗದಿದ್ದಾಗ ಮೊದಲ ಅನುಮಾನ ಇದರ ಮೇಲೇ ಇರಲಿ. ಒಂದೇ ಬ್ಯಾಂಡನ್ನು ಎರಡು ಸಲ ನೋಡಿದವರ ತಲೆಯಲ್ಲಿ ಅವು ಬೆರೆಯದೆ ಉಳಿಯುವುದೇ ಅಪರೂಪ. ಬೆಸುಗೆ ಎಲ್ಲಿದೆ ಎಂದು ಹುಡುಕಬೇಕಾದದ್ದು ಹಾಡುಗಳಲ್ಲಲ್ಲ, ಮೊದಲ ಹಾಳೆಯ ಪುಡಿ ವಿವರಗಳಲ್ಲಿ: ಒಂದು ಕಡೆ ಸ್ವೆಟರ್ ಇದೆ, ಇನ್ನೊಂದು ಕಡೆ ಬೆವರು, ಒಮ್ಮೆ ಎಡಗಡೆ ನಿಂತಿದ್ದೀರಿ, ಒಮ್ಮೆ ಬಾಲ್ಕನಿಯಲ್ಲಿ ಕೂತಿದ್ದೀರಿ. ಪ್ರತಿ ಸಾಲನ್ನೂ ಚೀಟಿಯಾಗಿ ಕತ್ತರಿಸಿ, ಒಟ್ಟಿಗೆ ಇರಲಾರದವನ್ನು ಎರಡು ರಾಶಿ ಮಾಡಿ. ಯಾವ ರಾಶಿಗೂ ಸೇರದವು ಉಳಿದೇ ಉಳಿಯುತ್ತವೆ, ಬಲವಂತವಾಗಿ ಹಾಕಬೇಡಿ. ನಿಮ್ಮ ಶೋಗೆ ಮೊದಲು ನುಡಿಸಿದ ಬ್ಯಾಂಡು ಯಾವುದು ಎಂಬುದು ಇಲ್ಲಿ ಎಲ್ಲಕ್ಕಿಂತ ಚೂಪಾದ ಕತ್ತರಿ. ಸೆಕ್ಸ್ ಪಿಸ್ಟಲ್ಸ್ 1976ರಲ್ಲಿ ಮ್ಯಾಂಚೆಸ್ಟರಿನ ಲೆಸರ್ ಫ್ರೀ ಟ್ರೇಡ್ ಹಾಲಿನಲ್ಲಿ ಎರಡು ಸಲ ನುಡಿಸಿದರು, ಜೂನ್ 4 ಮತ್ತು ಜುಲೈ 20. ಮೊದಲನೆಯದಕ್ಕೆ ಕೆಲವೇ ಡಜನ್ ಜನ ಇದ್ದರು, ಇದ್ದೆವೆಂದು ಹೇಳಿಕೊಂಡವರು ಅದರ ಎಷ್ಟೋ ಪಟ್ಟು. ಅವರಲ್ಲಿ ಯಾರಿಗಾದರೂ ಅಂದು ಬಜ್‌ಕಾಕ್ಸ್ ಕೂಡ ನುಡಿಸಿದ್ದು ನೆನಪಿದ್ದರೆ ಅವರು ನೋಡಿದ್ದು ಜುಲೈ ಶೋ. ಜೂನ್ ಹೊತ್ತಿಗೆ ಆ ಬ್ಯಾಂಡು ವೇದಿಕೆಗೆ ಸಿದ್ಧವೇ ಆಗಿರಲಿಲ್ಲ.

ಕೊನೆಯ ಪ್ರತಿ ಬರೆಯುವಾಗ ಮೂರು ಬಣ್ಣದ ಪೆನ್ನು ಇಟ್ಟುಕೊಳ್ಳಿ: ದಾಖಲೆ ಹೇಳಿದ್ದು ನೀಲಿ, ನೆನಪು ಮಾತ್ರ ಹೇಳುವುದು ಕಪ್ಪು, ಎರಡಕ್ಕೂ ಜಗಳ ಇರುವುದು ಕೆಂಪು. ಕೆಂಪನ್ನು ತೀರ್ಮಾನಿಸಿ ಮುಗಿಸುವ ಆತುರ ಬೇಡ, ಇನ್ನೊಂದು ಟೇಪು ಎಲ್ಲಿಂದಲೋ ಬರಬಹುದು. ಸಾರ್ವಜನಿಕ ಪಟ್ಟಿಗೆ ಸೇರಿಸುವುದಾದರೆ ನೀಲಿ ಮಾತ್ರ ಸೇರಿಸಿ. ದಿನ ಸಿಗದಿದ್ದರೆ ಊಹೆಯ ದಿನ ತುಂಬದೆ ಫೈಲಿನ ಹೆಸರನ್ನು ‘1986-11-00’ ಎಂದೇ ಇಡಿ. ಸೊನ್ನೆ ಕಂಡವರಿಗೆ ಇನ್ನೂ ಹುಡುಕಬೇಕಿದೆ ಎಂದು ಗೊತ್ತಾಗುತ್ತದೆ, ಸುಳ್ಳು ದಿನ ಕಂಡವರು ಹುಡುಕುವುದನ್ನೇ ನಿಲ್ಲಿಸುತ್ತಾರೆ. ಮೊದಲ ಮೂರು ಹಾಳೆಗಳನ್ನು ಟೇಪು, ಟಿಕೆಟಿನ ಜೊತೆ ಅದೇ ಡಬ್ಬಿಯಲ್ಲಿಡಿ, ತಿದ್ದದೆ.